ನೌಕರಿ ಹತ್ತೋದಕ್ಕೂ ಊರಿಗೂ ಏನು ಸಂಬಂಧ?

ಸೋಮವಾರ ಬೆಳಿಗ್ಗೆ 10 ಗಂಟೆಗೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಇಂಟರ್‌ವ್ಯೂ ಇದೆ ಅಂದುಕೊಳ್ಳಿ. ಇಬ್ಬರು ಹುಡುಗರಿಗೆ ಕರೆ ಬಂದಿದೆ. ಇಬ್ಬರದ್ದೂ ಒಂದೇ ಡಿಗ್ರಿ, ಹೆಚ್ಚುಕಡಿಮೆ ಒಂದೇ ಅಂಕ. ಒಬ್ಬನ ಮನೆ ಜಯನಗರದಲ್ಲಿದೆ. ಅವನು ತಿಂಡಿ ತಿಂದು ಒಂಬತ್ತಕ್ಕೆ ಮೆಟ್ರೊ ಹತ್ತಿದರೆ ಸಾಕು. ಇನ್ನೊಬ್ಬನ ಊರು ಬೀದರ್ ಜಿಲ್ಲೆಯ ಔರಾದ್, ರಾಜ್ಯದ ತುತ್ತತುದಿ. ಅವನು ಭಾನುವಾರವೇ ಮನೆ ಬಿಡಬೇಕು. ಬೀದರ್‌ವರೆಗೆ ಒಂದು ಬಸ್ಸು, ಅಲ್ಲಿಂದ ರಾತ್ರಿಯಿಡೀ ಪ್ರಯಾಣ. ದಾರಿ 700 ಕಿ.ಮೀ.ಗೂ ಜಾಸ್ತಿ. ಇಳಿದ ಮೇಲೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳಲು ಒಂದು ಜಾಗ ಬೇಕು. ಪರಿಚಯದವರ ರೂಮು ಇದ್ದರೆ ಸರಿ, ಇಲ್ಲದಿದ್ದರೆ ಲಾಡ್ಜು. ಮತ್ತೆ ವಾಪಸ್ ಅಷ್ಟೇ ದಾರಿ. ಎಷ್ಟು ಬಿಗಿ ಹಿಡಿದರೂ ಎರಡು ಸಾವಿರ ರೂಪಾಯಿ ಹೋಗುತ್ತದೆ. ಕೂಲಿ ಮಾಡಿ ಬದುಕುವ ಮನೆಯಲ್ಲಿ ಅದು ಹತ್ತಿರಹತ್ತಿರ ಒಂದು ವಾರದ ದುಡಿಮೆ.

ಇಬ್ಬರಿಗೂ ಆ ಕೆಲಸ ಸಿಗಲಿಲ್ಲ ಅನ್ನಿ. ಹೊಸಬರಿಗೆ ಮೊದಲನೇ ಇಂಟರ್‌ವ್ಯೂನಲ್ಲೇ ಕೆಲಸ ಆಗುವುದು ಅಪರೂಪ. ಐದು, ಹತ್ತು, ಹದಿನೈದು ಕಡೆ ಹೋಗಿ ಬಂದ ಮೇಲೆ ಎಲ್ಲೋ ಒಂದು ಕಡೆ ಕುದುರುತ್ತದೆ. ಜಯನಗರದ ಹುಡುಗ ಮುಂದಿನ ವಾರ ಇನ್ನೆರಡು ಕಡೆ ಹೋಗುತ್ತಾನೆ. ಔರಾದ್‌ನ ಹುಡುಗ ಮೂರನೇ ಸಲ ಅಪ್ಪನ ಹತ್ತಿರ ರೊಕ್ಕ ಕೇಳಲು ನಾಚುತ್ತಾನೆ. ಆರು ತಿಂಗಳಾದ ಮೇಲೆ ಒಬ್ಬನಿಗೆ ನೌಕರಿ ಹತ್ತಿರುತ್ತದೆ, ಇನ್ನೊಬ್ಬನಿಗೆ ಇಲ್ಲ. ಆಗ ಊರಿನವರು ಹೇಳುವುದು ಒಂದೇ ಮಾತು: ಅವ ಶಾಣ್ಯಾ ಇದ್ದ.

ಶಾಣ್ಯಾತನದಲ್ಲಿ ಇಬ್ಬರಿಗೂ ಫರಕಿರಲಿಲ್ಲ. ಒಂದೊಂದು ಪ್ರಯತ್ನಕ್ಕೆ ತಗಲುವ ಖರ್ಚಿನಲ್ಲಿ ಇತ್ತು. ನೀವು ಎಲ್ಲಿದ್ದೀರಿ ಅನ್ನುವುದು ನಿಮ್ಮ ಮೊದಲ ನೌಕರಿಯ ಮೇಲೆ ಹಲವು ದಾರಿಯಲ್ಲಿ ಕೈಯಾಡಿಸುತ್ತದೆ. ಎಲ್ಲಕ್ಕಿಂತ ಮೊದಲನೆಯದು ಇದು: ಎಷ್ಟು ಸಲ ಸೋಲಲು ನಿಮ್ಮ ಹತ್ತಿರ ದುಡ್ಡಿದೆ?

ಕೆಲಸಗಳು ಒಂದೇ ಕಡೆ ಯಾಕೆ ಸೇರುತ್ತವೆ?

"ಕಂಪನಿಗಳೆಲ್ಲ ಬೆಂಗಳೂರಿಗೇ ಯಾಕೆ ಹೋಗಬೇಕು, ಕಲಬುರಗಿಗೆ ಬಂದರೆ ಏನು ಕಷ್ಟ?" ಈ ಪ್ರಶ್ನೆ ನಮ್ಮ ಕಲ್ಯಾಣ ಕರ್ನಾಟಕದ ಕಡೆ ಪ್ರತಿ ಚುನಾವಣೆಯಲ್ಲೂ ಕೇಳಿಬರುತ್ತದೆ. ಆಲ್ಫ್ರೆಡ್ ಮಾರ್ಷಲ್ ಅನ್ನುವ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ 1890ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ಮಾಲೀಕ ತನಗೆ ಬೇಕಾದ ಕಸುಬು ಗೊತ್ತಿರುವ ಜನ ಸಿಗುವ ಕಡೆ ಹೋಗುತ್ತಾನೆ. ಕಸುಬು ಗೊತ್ತಿರುವವರು ಅಂಥ ಮಾಲೀಕರು ಜಾಸ್ತಿ ಇರುವ ಕಡೆ ಹೋಗುತ್ತಾರೆ. ಒಮ್ಮೆ ಈ ಚಕ್ರ ತಿರುಗಲು ಶುರುವಾದರೆ ತಾನಾಗಿ ನಿಲ್ಲುವುದಿಲ್ಲ.

ಬೆಂಗಳೂರಿನಲ್ಲಿ ಈ ಚಕ್ರ ಐಟಿಗಿಂತ ಎಷ್ಟೋ ಮೊದಲೇ ತಿರುಗಿತ್ತು. ಈಗಿನ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿದ್ದು 1909ರಲ್ಲಿ. ಆಮೇಲೆ ದೊಡ್ಡ ಕಾರ್ಖಾನೆಗಳು: ವಿಮಾನದ ಎಚ್‌ಎಎಲ್ 1940, ಟೆಲಿಫೋನಿನ ಐಟಿಐ 1948, ಯಂತ್ರಗಳ ಎಚ್‌ಎಂಟಿ 1953, ಎಲೆಕ್ಟ್ರಾನಿಕ್ಸಿನ ಬಿಇಎಲ್ 1954. ಕಲಬುರಗಿಯಲ್ಲಿ ಪಿಡಿಎ ಎಂಜಿನಿಯರಿಂಗ್ ಕಾಲೇಜು ಶುರುವಾಗಿದ್ದು 1958ರಲ್ಲಿ. ಅಂದರೆ ನಮ್ಮ ಭಾಗದ ಮೊದಲ ತಂಡದ ಎಂಜಿನಿಯರುಗಳು ಹೊರಬರುವ ಹೊತ್ತಿಗೆ ಅವರಿಗೆ ಕೆಲಸ ಕೊಡುವ ಕಾರ್ಖಾನೆಗಳೆಲ್ಲ 600 ಕಿ.ಮೀ. ಆಚೆ ನೆಲೆಯೂರಿ ಆಗಿತ್ತು. ಇವತ್ತು ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೆಂಗಳೂರು ನಗರ ಜಿಲ್ಲೆ ಒಂದರಿಂದಲೇ ಬರುತ್ತದೆ.

ನಮ್ಮಲ್ಲಿ ಕೆಲಸವೇ ಇಲ್ಲ ಅಂತಲ್ಲ. ಸುಣ್ಣದ ಕಲ್ಲು ಇರುವ ಕಡೆ ಸಿಮೆಂಟ್ ಕಾರ್ಖಾನೆ ಬರಲೇಬೇಕು. ವಾಡಿ, ಮಳಖೇಡ, ಸೇಡಂ ಸುತ್ತ ಅವು ದಶಕಗಳಿಂದ ಇವೆ. ತೊಗರಿ ಬೆಳೆಯುವ ಕಡೆ ದಾಲ್ ಮಿಲ್ ಇರುತ್ತದೆ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ, ಅಂದರೆ ಈ ಊರಿನದ್ದೇ ವಿಶೇಷ ಬೆಳೆ ಅನ್ನುವ ಗುರುತೂ ಸಿಕ್ಕಿತು. ಗಂಜ್‌ನ ಅಡತಿ ಅಂಗಡಿಗಳಲ್ಲಿ ಲೆಕ್ಕ ಬರೆಯುವವರು, ತೂಕ ಮಾಡುವವರು, ಹಮಾಲರು, ಲಾರಿಯವರು ಎಲ್ಲ ಸೇರಿ ಸಾವಿರಾರು ಜನ ದುಡಿಯುತ್ತಾರೆ. ಹಾಗಾದರೆ ತೊಂದರೆ ಏನು?

ತೊಂದರೆ ಮೊದಲನೇ ಕೆಲಸದಲ್ಲಿ ಇಲ್ಲ, ಎರಡನೆಯದರಲ್ಲಿದೆ. ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದ ಹುಡುಗಿಗೆ ಒಂದು ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು ಅನ್ನಿ. ಎರಡು ವರ್ಷದಲ್ಲಿ ಕೆಲಸ ಕಲಿತಳು. ಸಂಬಳ ಏರಲಿಲ್ಲ. ಈಗ ಏನು ಮಾಡಬೇಕು? ಅದೇ ಕೆಲಸ ಕೊಡುವ ಇನ್ನೊಂದು ಜಾಗ ಬೆರಳೆಣಿಕೆಯಷ್ಟು. ಬಿಡುವ ಹಾಗಿಲ್ಲ ಅಂತ ಅವಳಿಗೂ ಗೊತ್ತು, ಮ್ಯಾನೇಜರಿಗೂ ಗೊತ್ತು. ಅದೇ ಡಿಗ್ರಿಯ ಹುಡುಗಿ ಹೈದರಾಬಾದಿನ ಔಷಧ ಕಂಪನಿಗಳ ನಡುವೆ ಇದ್ದರೆ ರಸ್ತೆ ದಾಟಿ ಇನ್ನೊಂದು ಗೇಟಿಗೆ ಹೋಗಬಹುದು. ಆ ಗೇಟಿಗೆ ಹೋಗದಿದ್ದರೂ ಪರವಾಗಿಲ್ಲ. ಹೋಗಬಹುದು ಅನ್ನುವುದರಿಂದಲೇ ಅವಳ ಸಂಬಳ ಏರುತ್ತದೆ.

ಕಲಿಕೆಯ ಮಾತೂ ಇದೆ. ಸ್ಪೇನ್ ದೇಶದ ಕೆಲಸಗಾರರ ದಾಖಲೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಡೆ ಲಾ ರೋಕಾ ಮತ್ತು ಪುಗಾ ಅನ್ನುವ ಇಬ್ಬರು ಸಂಶೋಧಕರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದೊಡ್ಡ ಊರಿಗೆ ಹೋಗುವವರು ಹುಟ್ಟಾ ಹೆಚ್ಚು ಜಾಣರೇನೂ ಅಲ್ಲ ಅನ್ನುವುದು ಅವರು ಕಂಡುಕೊಂಡ ಒಂದು ಸಂಗತಿ. ಮ್ಯಾಡ್ರಿಡ್, ಬಾರ್ಸಿಲೋನಾದಂಥ ಊರಿನಲ್ಲಿ ಮಾಡಿದ ಒಂದು ವರ್ಷದ ಅನುಭವ ಸಣ್ಣ ಊರಿನ ಒಂದು ವರ್ಷಕ್ಕಿಂತ ಹೆಚ್ಚು ಬೆಲೆ ತಂದುಕೊಡುತ್ತದೆ ಅನ್ನುವುದು ಇನ್ನೊಂದು. ಆ ಬೆಲೆ ವಾಪಸ್ ಸಣ್ಣ ಊರಿಗೆ ಬಂದ ಮೇಲೂ ಬಹುಪಾಲು ಉಳಿಯುತ್ತದೆ. ನನಗೆ ಮುಖ್ಯ ಅನ್ನಿಸಿದ್ದು ಈ ಕೊನೆಯ ಮಾತು. ಜೀವನಪೂರ್ತಿ ಬೆಂಗಳೂರಿನಲ್ಲೇ ಇರಬೇಕಿಲ್ಲ. ಆದರೆ ಮೊದಲ ಮೂರು-ನಾಲ್ಕು ವರ್ಷ ಎಲ್ಲಿ ಕಳೆದಿರಿ ಅನ್ನುವುದು ಆಮೇಲೂ ಜೊತೆಗೆ ಬರುತ್ತದೆ.

ಬಸ್ ಚಾರ್ಜು ಕೊಟ್ಟರೆ ಸಾಕಾ?

ಹಾಗಾದರೆ ಔರಾದ್‌ನ ಹುಡುಗನಿಗೆ ಆ ಎರಡು ಸಾವಿರ ಕೊಟ್ಟುಬಿಟ್ಟರೆ ಆಯಿತಲ್ಲ? ಇದನ್ನು ಇಥಿಯೋಪಿಯಾದ ರಾಜಧಾನಿ ಆಡಿಸ್ ಅಬಾಬಾದಲ್ಲಿ ಪ್ರಯೋಗ ಮಾಡಿಯೇ ನೋಡಿದ್ದಾರೆ. ಅಲ್ಲಿ ಕೆಲಸದ ಜಾಹೀರಾತು ಅಂಟಿಸುವ ಬೋರ್ಡುಗಳು ನಗರದ ನಡುವೆ ಇರುತ್ತವೆ. ಹೊರವಲಯದ ಹುಡುಗರು ಅಲ್ಲಿಗೆ ಬರಲೇ ಖರ್ಚು ಮಾಡಬೇಕು. ಸಂಶೋಧಕರು ಕೆಲವರಿಗೆ ಓಡಾಟದ ದುಡ್ಡು ಕೊಟ್ಟರು. ಇನ್ನು ಕೆಲವರಿಗೆ ಒಂದು ಕಾರ್ಯಾಗಾರ ಮಾಡಿಸಿ, ಅರ್ಜಿ ಹೇಗೆ ಬರೆಯಬೇಕು, ಇಂಟರ್‌ವ್ಯೂನಲ್ಲಿ ಹೇಗೆ ಮಾತಾಡಬೇಕು ಅಂತ ಹೇಳಿಕೊಟ್ಟು, ಅವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟರು. ಮೊದಲಿಗೆ ಎರಡರಿಂದಲೂ ಒಳ್ಳೆಯ ಕೆಲಸ ಸಿಗುವುದು ಹೆಚ್ಚಾಯಿತು. ನಾಲ್ಕು ವರ್ಷ ಆದ ಮೇಲೆ ನೋಡಿದರೆ ಓಡಾಟದ ದುಡ್ಡಿನ ಪರಿಣಾಮ ಮಾಯವಾಗಿತ್ತು. ಕಾರ್ಯಾಗಾರಕ್ಕೆ ಹೋದವರು ಮಾತ್ರ ಉಳಿದವರಿಗಿಂತ ಸುಮಾರು ಶೇ 20ರಷ್ಟು ಹೆಚ್ಚು ಗಳಿಸುತ್ತಿದ್ದರು.

ಯಾಕೆ ಹೀಗೆ? ಬಸ್ಸಿನ ದುಡ್ಡು ಬಾಗಿಲವರೆಗೆ ಕರೆದುಕೊಂಡು ಹೋಗುತ್ತದೆ. ಒಳಗೆ ಕೂತವರಿಗೆ ನಿಮ್ಮ ಕಾಲೇಜಿನ ಹೆಸರು ಗೊತ್ತಿಲ್ಲ, ನಿಮ್ಮ ಊರು ಗೊತ್ತಿಲ್ಲ. ನಿಮಗೆ ಏನು ಬರುತ್ತದೆ ಅಂತ ಅವರಿಗೆ ತೋರಿಸುವ ದಾರಿ ನಿಮಗೂ ಗೊತ್ತಿಲ್ಲದಿದ್ದರೆ ಬಾಗಿಲವರೆಗೆ ಹೋಗಿಯೂ ಉಪಯೋಗ ಕಡಿಮೆ. ಸುರಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ಶೇ 80 ತೆಗೆದ ಹುಡುಗಿ ನಿಜಕ್ಕೂ ಗಟ್ಟಿಗಿತ್ತಿ. ಆದರೆ ಬೆಂಗಳೂರಿನ ಎಚ್‌ಆರ್‌ಗೆ ಆ ಅಂಕದ ತೂಕ ಅಳೆಯಲು ಬರುವುದಿಲ್ಲ. ಅದಕ್ಕೇ ಅವರು ಹೆಸರು ಕೇಳಿದ ಕಾಲೇಜಿನ ಹುಡುಗರನ್ನು ತೆಗೆದುಕೊಂಡು ಸುಮ್ಮನಾಗುತ್ತಾರೆ. ಇದರಲ್ಲಿ ದ್ವೇಷ ಇಲ್ಲ, ಸೋಮಾರಿತನ ಇದೆ.

ನಮ್ಮಲ್ಲಿ ಯುವನಿಧಿ ಇದೆ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಕೆಲಸ ಹುಡುಕುವ ಖರ್ಚಿಗೆ ಇದು ನಿಜವಾಗಿ ಆಗಿಬರುವ ದುಡ್ಡು. ಆದರೆ ಪಾಸಾಗಿ ಆರು ತಿಂಗಳು ಕೆಲಸ ಸಿಗದೆ ಇದ್ದ ಮೇಲೆ ಮಾತ್ರ ಸಿಗುತ್ತದೆ. ಹುಡುಕಾಟದ ಹುರುಪು ಇರುವುದು, ಕಂಪನಿಗಳು ಹೊಸಬರನ್ನು ಕೇಳುವುದು ಆ ಮೊದಲ ಆರು ತಿಂಗಳಲ್ಲೇ ಅಲ್ವಾ? ಕೆಲಸ ಸಿಕ್ಕ ಮೇಲೂ ಖರ್ಚು ಇದೆ. ಪಿಜಿಗೆ ಅಡ್ವಾನ್ಸು, ತಿಂಗಳ ಊಟ, ಓಡಾಟ. ಮೊದಲ ಸಂಬಳ ಕೈಗೆ ಬರುವುದು ಒಂದು ತಿಂಗಳು ದುಡಿದ ಮೇಲೆ. ಅಷ್ಟು ದಿನ ಯಾರೋ ತಮ್ಮ ಕೈಯಿಂದ ನಡೆಸಬೇಕು. ನನ್ನನ್ನು ಕೇಳಿದರೆ ಆ 3,000ವನ್ನು ರಿಸಲ್ಟ್ ಬಂದ ತಿಂಗಳಿಂದಲೇ ಕೊಟ್ಟು, ಕೆಲಸ ಸಿಕ್ಕ ಮೇಲೆ ಇನ್ನೊಂದು ತಿಂಗಳು ಮುಂದುವರಿಸುವುದು ಒಳ್ಳೆಯದು. ಈಗಿರುವ ಲೆಕ್ಕ ಹುಡುಕುವವರಿಗಿಂತ ಕಾಯುವವರಿಗೆ ಹೆಚ್ಚು ಹೊಂದುತ್ತದೆ.

ಅಣ್ಣನ ರೂಮು

ಸರ್ಕಾರದ ಯಾವ ಯೋಜನೆಗಿಂತಲೂ ನಮ್ಮ ಕಡೆಯ ಹುಡುಗರಿಗೆ ಹೆಚ್ಚು ಕೆಲಸ ಕೊಡಿಸಿರುವುದು ರೂಮು. ಊರಿನ ಒಬ್ಬ ಅಣ್ಣ ಮೊದಲು ಹೋಗಿರುತ್ತಾನೆ. ಬೆಂಗಳೂರಿನಲ್ಲೋ, ಹೈದರಾಬಾದಿನಲ್ಲೋ, ಪುಣೆಯಲ್ಲೋ ಒಂದು ರೂಮು ಹಿಡಿದಿರುತ್ತಾನೆ. ಇಬ್ಬರಿಗೆ ಸಾಕಾಗುವ ಜಾಗದಲ್ಲಿ ಐದು ಜನ. ಊರಿನಿಂದ ಬರುವಾಗ ಕಟಕ ರೊಟ್ಟಿ, ಶೇಂಗಾ ಹಿಂಡಿ ತರಬೇಕು ಅನ್ನುವುದು ಬಿಟ್ಟರೆ ಬೇರೆ ಬಾಡಿಗೆ ಕೇಳುವುದಿಲ್ಲ. ಕೆಲಸ ಸಿಗುವವರೆಗೆ ಇರು, ಸಿಕ್ಕ ಮೇಲೆ ಪಾಲು ಹಾಕು. ಔರಾದ್‌ನ ಹುಡುಗನ ಎರಡು ಸಾವಿರದ ಖರ್ಚನ್ನು ಈ ರೂಮು ಅರ್ಧಕ್ಕೆ ಇಳಿಸುತ್ತದೆ. "ನಮ್ಮ ಕಂಪನಿಯಾಗ ಜನ ಬೇಕಂತ, ಬಯೋಡಾಟಾ ಕೊಡು" ಅನ್ನುವ ಮಾತು ಹುಟ್ಟುವುದೂ ಅಲ್ಲೇ.

ಆದರೆ ರೂಮಿಗೆ ಇನ್ನೊಂದು ಮುಖ ಇದೆ. ಯಾವ ರೂಮಿಗೆ ಹೋಗುತ್ತೀರೋ ಆ ಕೆಲಸಕ್ಕೇ ಹೋಗುತ್ತೀರಿ. ಅಣ್ಣ ಸೆಕ್ಯೂರಿಟಿ ಗಾರ್ಡ್ ಆಗಿದ್ದರೆ ರೂಮಿನ ಐದೂ ಜನ ಸೆಕ್ಯೂರಿಟಿ ಏಜೆನ್ಸಿಯಲ್ಲೇ ಇರುತ್ತಾರೆ. ಅಣ್ಣ ಡೆಲಿವರಿ ಮಾಡುತ್ತಿದ್ದರೆ ಬಿ.ಕಾಂ. ಮುಗಿಸಿ ಬಂದ ತಮ್ಮನೂ ಮೊದಲ ವಾರವೇ ಬ್ಯಾಗು ಹೆಗಲಿಗೆ ಹಾಕಿಕೊಳ್ಳುತ್ತಾನೆ. ಅಣ್ಣ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಇದ್ದರೆ ಅಲ್ಲಿಗೆ ಹೋದ ಹಿಸ್ಟರಿ ಡಿಗ್ರಿಯವನೂ ಆರು ತಿಂಗಳಲ್ಲಿ ಟೆಸ್ಟಿಂಗ್ ಕಲಿತುಬಿಡುತ್ತಾನೆ. ಇಬ್ಬರು ತಮ್ಮಂದಿರ ನಡುವೆ ಬುದ್ಧಿಯಲ್ಲಿ ವ್ಯತ್ಯಾಸ ಇಲ್ಲ. ಅವರ ಊರಿನಿಂದ ಹತ್ತು ವರ್ಷದ ಹಿಂದೆ ಯಾರು ಬಸ್ಸು ಹತ್ತಿದ್ದರು ಅನ್ನುವುದರಲ್ಲಿ ಇದೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಇದಕ್ಕೆ ಹತ್ತಿರದ ಒಂದು ಸಂಗತಿ ತೋರಿಸಿದ. ಪರಿಚಯದವರ ಮೂಲಕ ಕೆಲಸ ಪಡೆದವರನ್ನು ಅವನು ಕೇಳಿದ: ನಿಮಗೆ ಸುದ್ದಿ ಕೊಟ್ಟವರನ್ನು ಎಷ್ಟು ಸಲ ಭೇಟಿ ಆಗುತ್ತಿದ್ದಿರಿ? ಆಗಾಗ ಅಂದವರು ಶೇ 17ರ ಆಸುಪಾಸು ಮಾತ್ರ. ಉಳಿದವರೆಲ್ಲ ಅಪರೂಪಕ್ಕೆ, ಅಥವಾ ಯಾವಾಗಲೋ ಒಮ್ಮೆ ಅಂದರು. ಕಾರಣ ಸರಳ. ದಿನಾ ನೋಡುವ ಗೆಳೆಯನಿಗೆ ಗೊತ್ತಿರುವುದೆಲ್ಲ ನಿಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ದೂರದ ಪರಿಚಯದಿಂದ. ಅಮ್ಮನ ಕಡೆ ದೂರದ ನೆಂಟ, ಎರಡು ಬ್ಯಾಚ್ ಹಿಂದಿನ ಸೀನಿಯರ್, ಅಪ್ಪನ ಹಳೇ ಬಾಡಿಗೆದಾರ, ಇಂಥವರು.

ದೊಡ್ಡ ಊರಿನಲ್ಲಿ ದೂರದ ಪರಿಚಯಗಳು ಸುಮ್ನೆ ಆಗಿಬಿಡುತ್ತವೆ. ಪಕ್ಕದ ಫ್ಲ್ಯಾಟಿನವರು ಬ್ಯಾಂಕು, ಎದುರು ಮನೆಯವರು ಡಿಸೈನು, ಟ್ಯೂಷನ್ ಗೆಳೆಯನ ಅಕ್ಕ ಸಿಎ. ಶಹಾಪುರದ ಒಂದು ಹಳ್ಳಿಯಲ್ಲಿ ಹುಡುಗಿಗೆ ಗೊತ್ತಿರುವ ಸಂಬಳದ ಕೆಲಸಗಳು ಯಾವುವು? ಶಾಲೆ ಮಾಸ್ತರು, ಅಂಗನವಾಡಿ ಟೀಚರ್, ನರ್ಸು, ಪೊಲೀಸು, ಕಂಡಕ್ಟರು, ಲೈನ್‌ಮನ್, ಪಿಡಿಒ, ಗ್ರಾಮ ಲೆಕ್ಕಿಗ. ಹೆಚ್ಚುಕಡಿಮೆ ಎಲ್ಲವೂ ಸರ್ಕಾರಿ. ಕಾಣದ ಕೆಲಸವನ್ನು ಯಾರೂ ಆಸೆ ಪಡುವುದಿಲ್ಲ.

ಇದು ಹದಿನೆಂಟಕ್ಕೆ ಶುರುವಾಗುವ ಕಥೆಯೂ ಅಲ್ಲ. ಅಮೆರಿಕದಲ್ಲಿ 1994ರಿಂದ ಐದು ನಗರಗಳ ಬಡ ಕುಟುಂಬಗಳಿಗೆ ಒಳ್ಳೆಯ ಬಡಾವಣೆಗೆ ಮನೆ ಬದಲಿಸಲು ಚೀಟಿ ಎತ್ತಿ ನೆರವು ಕೊಟ್ಟರು. ಆ ಮಕ್ಕಳು ದೊಡ್ಡವರಾದ ಮೇಲೆ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು ಲೆಕ್ಕ ಹಾಕಿದರು. 13 ವರ್ಷಕ್ಕೂ ಮುಂಚೆ ಮನೆ ಬದಲಿಸಿದ್ದ ಮಕ್ಕಳ ಗಳಿಕೆ ಇಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ ಶೇ 31ರಷ್ಟು ಹೆಚ್ಚಾಗಿತ್ತು. ದೊಡ್ಡವರಾದ ಮೇಲೆ ಹೋದವರಿಗೆ ಆ ಲಾಭ ಸಿಗಲಿಲ್ಲ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 52ರಷ್ಟು, ರಾಜ್ಯದಲ್ಲೇ ಕಡಿಮೆ. ಬೆಳೆ ಮುಗಿದ ಮೇಲೆ ಗುಳೆ ಹೋಗುವ ಕುಟುಂಬದ ಮಗು ಶಾಲೆಯ ಅರ್ಧ ವರ್ಷವನ್ನು ಬೆಂಗಳೂರಿನ ಯಾವುದೋ ಕಟ್ಟಡದ ಮರಳಿನ ರಾಶಿ ಪಕ್ಕ ಕಳೆಯುತ್ತದೆ. ಆ ಮಗುವೂ ದೊಡ್ಡ ನಗರದಲ್ಲೇ ಇರುತ್ತದೆ ನೋಡಿ. ಆದರೆ ನಗರದ ಒಂದು ಗುಣವೂ ಅದರ ಪಾಲಿಗೆ ಬರುವುದಿಲ್ಲ.

1956ರಲ್ಲಿ ದೂರವಾದ ರಾಜಧಾನಿ

ಬೀದರ್‌ನಿಂದ ಹೈದರಾಬಾದ್ ಸುಮಾರು 150 ಕಿ.ಮೀ. ಬೆಂಗಳೂರು ಸುಮಾರು 700. ನಿಜಾಮರ ಕಾಲದಲ್ಲಿ, ಆಮೇಲೆ 1948ರಿಂದ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿ, ಈಗಿನ ಬೀದರ್, ಕಲಬುರಗಿ, ಯಾದಗಿರಿ ಮೂರೂ ಜಿಲ್ಲೆಗಳ ಭಾಗಕ್ಕೆ ರಾಜಧಾನಿ ಅಂದರೆ ಹೈದರಾಬಾದೇ. ದೊಡ್ಡ ಆಸ್ಪತ್ರೆ, ಕೋರ್ಟು, ಯೂನಿವರ್ಸಿಟಿ, ನೌಕರಿ ಎಲ್ಲ ಅಲ್ಲೇ. 1956ರ ನವೆಂಬರ್ 1ರಂದು ಭಾಷೆಯ ಲೆಕ್ಕದಲ್ಲಿ ನಾವು ನಮ್ಮವರ ಜೊತೆ ಸೇರಿದೆವು. ಅದು ಬೇಕಿತ್ತು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಅದೇ ದಿನ ಬೀದರ್‌ನ ನೌಕರಿ ಹುಡುಕುವವನಿಗೆ ರಾಜಧಾನಿ ನಾಲ್ಕು ಪಟ್ಟಿಗಿಂತ ಹೆಚ್ಚು ದೂರ ಸರಿಯಿತು. ಹತ್ತಿರದ ದೊಡ್ಡ ಊರು ಬೇರೆ ರಾಜ್ಯದ್ದಾಯಿತು.

ಅದೇ ಹೈದರಾಬಾದ್ ರಾಜ್ಯದಿಂದ ಆಂಧ್ರಕ್ಕೆ ಸೇರಿದ ತೆಲಂಗಾಣದವರು ಇದೇ ಅನ್ಯಾಯದ ವಿರುದ್ಧ ಬೀದಿಗಿಳಿದರು. 1973ರ ತಿದ್ದುಪಡಿಯಿಂದ ಸಂವಿಧಾನಕ್ಕೆ 371ಡಿ ವಿಧಿ ಬಂದು, ಸ್ಥಳೀಯರಿಗೆ ನೌಕರಿಯಲ್ಲಿ ಪಾಲು ಸಿಕ್ಕಿತು. ನಮ್ಮ ಕಡೆ ಅದೇ ತರಹದ ಮಾತು ಕಾನೂನಾಗಲು ಇನ್ನೂ ಸುಮಾರು 40 ವರ್ಷ ಬೇಕಾಯಿತು. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಟ ಮಾಡಿದರು. ನಡುವೆ 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಬಂತು. ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಗುಲ್ಬರ್ಗ ವಿಭಾಗದಲ್ಲೇ ಇವೆ ಅಂತ ಅದು ಲೆಕ್ಕ ಕೊಟ್ಟಿತು. ಕೊನೆಗೆ 2012ರ ಡಿಸೆಂಬರ್‌ನಲ್ಲಿ ಸಂಸತ್ತು 98ನೇ ತಿದ್ದುಪಡಿಗೆ ಒಪ್ಪಿತು. ಅದೇ 371ಜೆ.

ಇದು ಕೆಲಸ ಮಾಡುವ ರೀತಿ ಹೀಗೆ. ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಸರ್ಕಾರಿ ಹುದ್ದೆಗಳಲ್ಲಿ ಎ ಮತ್ತು ಬಿ ದರ್ಜೆಗೆ ಶೇ 75, ಸಿ ದರ್ಜೆಗೆ ಶೇ 80, ಡಿ ದರ್ಜೆಗೆ ಶೇ 85ರಷ್ಟು ಈ ಭಾಗದವರಿಗೆ ಮೀಸಲು. ರಾಜ್ಯಮಟ್ಟದ ಕಚೇರಿಗಳ ಹುದ್ದೆಗಳಲ್ಲಿ ಶೇ 8. ಓದಿನಲ್ಲೂ ಪಾಲಿದೆ. ಈ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8. ಹುಟ್ಟಿನಿಂದ ಅಥವಾ ವಾಸದಿಂದ ಈ ಭಾಗದವರು ಅಂತ ಉಪವಿಭಾಗಾಧಿಕಾರಿ, ಅಂದರೆ ಎಸಿ, ಕೊಡುವ ಪ್ರಮಾಣಪತ್ರ ಇದಕ್ಕೆಲ್ಲ ಬೇಕು.

ಇದರಿಂದ ಆದ ಲಾಭವನ್ನು ಕಡಿಮೆ ಮಾಡಿ ಹೇಳುವವರ ಜೊತೆ ನಾನಿಲ್ಲ. ಮೆಡಿಕಲ್, ಎಂಜಿನಿಯರಿಂಗ್ ಸೀಟು ಸಿಕ್ಕ ಮೊದಲ ತಲೆಮಾರಿನ ಮಕ್ಕಳು ಈಗ ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಆದರೆ 371ಜೆ ತೆರೆದಿರುವುದು ಒಂದೇ ಬಾಗಿಲು. ಖಾಸಗಿ ಕೆಲಸಕ್ಕೆ ಅದು ತಾಗುವುದಿಲ್ಲ. (ಖಾಸಗಿಯಲ್ಲಿ ಕನ್ನಡಿಗರಿಗೆ ಮೀಸಲು ಕೊಡುವ ಮಸೂದೆಗೆ ರಾಜ್ಯ ಸಂಪುಟ 2024ರ ಜುಲೈನಲ್ಲಿ ಒಪ್ಪಿ, ಗದ್ದಲ ಎದ್ದ ಮೇಲೆ ತಡೆಹಿಡಿಯಿತು. ಅದು ಬಂದಿದ್ದರೂ ಔರಾದ್‌ಗೂ ಜಯನಗರಕ್ಕೂ ಇರುವ ಅಂತರ ಹಾಗೇ ಇರುತ್ತಿತ್ತು.)

ಒಂದೇ ಬಾಗಿಲು ತೆರೆದಾಗ ಎಲ್ಲರೂ ಅದರ ಮುಂದೆಯೇ ನಿಲ್ಲುತ್ತಾರೆ. "ಏನ್ ಮಾಡ್ಲಾಕತ್ತಾನ್ರಿ ನಿಮ್ಮ ಮಗ?" ಅಂತ ಮದುವೆ ಮನೆಯಲ್ಲಿ ಕೇಳಿದರೆ "ಓದ್ಲಾಕತ್ತಾನ್ರಿ" ಅನ್ನುವ ಉತ್ತರ ಬರುತ್ತದೆ. ಮಗನಿಗೆ 27. ಧಾರವಾಡದಲ್ಲೋ, ಬೆಂಗಳೂರಿನ ವಿಜಯನಗರದಲ್ಲೋ ಕೋಚಿಂಗ್, ಆಮೇಲೆ ಊರಿನ ಲೈಬ್ರರಿ. ಪಿಡಿಒ ಆಗಲಿಲ್ಲ ಅಂದರೆ ಪಿಎಸ್‌ಐ, ಅದಾಗಲಿಲ್ಲ ಅಂದರೆ ಎಫ್‌ಡಿಎ, ಎಸ್‌ಡಿಎ. ನೋಟಿಫಿಕೇಷನ್ ಬರಲು ಒಂದು ವರ್ಷ, ಪರೀಕ್ಷೆ ಮುಂದಕ್ಕೆ ಹೋಗಿ ಇನ್ನೊಂದು ವರ್ಷ, ಪಟ್ಟಿ ಕೋರ್ಟಿಗೆ ಹೋದರೆ ಮತ್ತೊಂದು. ಇದು ಸೋಮಾರಿತನ ಅಲ್ಲ. ಖಾಸಗಿಯಲ್ಲಿ ಸಿಗುವ 12 ಸಾವಿರದ ಕೆಲಸ ಮುಂದೆ ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ ಅಂತ ಗೊತ್ತಿರುವ ಹುಡುಗ ಹಾಕುವ ಲೆಕ್ಕ ಅದು. ತಪ್ಪು ಲೆಕ್ಕ ಅಂತ ಹೇಳಲು ನನಗೆ ಧೈರ್ಯ ಇಲ್ಲ. ಆದರೆ ಸ್ಪೇನ್ ಅಧ್ಯಯನದ ಮಾತು ನೆನಪಿಸಿಕೊಳ್ಳಿ. ಕಲಿಕೆಗೆ ಹೆಚ್ಚು ಬೆಲೆ ಇರುವ ಆ ಮೊದಲ ನಾಲ್ಕು-ಐದು ವರ್ಷಗಳನ್ನೇ ಅವನು ಕಾಯುವುದರಲ್ಲಿ ಕಳೆಯುತ್ತಾನೆ. ಹುದ್ದೆ ಸಿಗದೆ 29ಕ್ಕೆ ಹೊರಗೆ ಬಂದಾಗ ಅವನು ಫ್ರೆಷರೂ ಅಲ್ಲ, ಅನುಭವಿಯೂ ಅಲ್ಲ.

ಗಡಿಯ ಆಚೆಗಂತೂ ಪ್ರಮಾಣಪತ್ರ ಬರೀ ಕಾಗದ. ತೆಲಂಗಾಣದಲ್ಲಿ 2018ರ ರಾಷ್ಟ್ರಪತಿ ಆದೇಶದಿಂದ ಸ್ಥಳೀಯ ಸರ್ಕಾರಿ ಹುದ್ದೆಗಳಲ್ಲಿ ಶೇ 95 ಅಲ್ಲಿನವರಿಗೇ ಮೀಸಲು. ಆದರೆ ಅಲ್ಲಿನ ಖಾಸಗಿ ಕೆಲಸ ತೆರೆದೇ ಇದೆ. ಗಡಿಯಾಚೆಯ ಜಹೀರಾಬಾದ್ ಬೀದರ್‌ನವರಿಗೆ ತಮ್ಮದೇ ಜಿಲ್ಲೆಯ ಎಷ್ಟೋ ಹಳ್ಳಿಗಳಿಗಿಂತ ಹತ್ತಿರ. ಅಲ್ಲಿ ಮಹೀಂದ್ರ ಟ್ರಾಕ್ಟರ್ ಕಾರ್ಖಾನೆ ಇದೆ. ಅಮೀರಪೇಟೆಯಲ್ಲಿ ಸಾಫ್ಟ್‌ವೇರ್ ಕೋರ್ಸು ಮಾಡಿ ಹೈದರಾಬಾದಿನಲ್ಲೇ ಕೆಲಸ ಹಿಡಿದವರು ಬೀದರ್, ಭಾಲ್ಕಿ, ಹುಮನಾಬಾದ್ ಕಡೆ ಬೇಕಾದಷ್ಟು ಜನ. ಉರ್ದು, ಹಿಂದಿ ನಾಲಿಗೆಯ ಮೇಲೇ ಇರುತ್ತದೆ, ತೆಲುಗು ಆರು ತಿಂಗಳಲ್ಲಿ ಬರುತ್ತದೆ. ಆದರೂ ನಮ್ಮ ಕಾಲೇಜುಗಳ ಪ್ಲೇಸ್‌ಮೆಂಟ್ ಮಾತೆಲ್ಲ ಬೆಂಗಳೂರಿನ ಸುತ್ತಲೇ ತಿರುಗುತ್ತದೆ. ಇದು ನನಗೆ ಅರ್ಥವಾಗದ ಸಂಗತಿ. ಇಂಟರ್‌ವ್ಯೂಗೆ ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರಬಹುದಾದ ದೊಡ್ಡ ಊರು ಬೀದರ್‌ಗೆ ಇರುವುದು ಅದೊಂದೇ.

ವಕೀಲರ ಉದಾಹರಣೆ

ಜನ ಕೆಲಸದ ಕಡೆ ಹೋಗುವುದರ ಬದಲು ಕೆಲಸವೇ ಜನರ ಕಡೆ ಬಂದರೆ ಏನಾಗುತ್ತದೆ? ಇದಕ್ಕೆ ಕಲಬುರಗಿಯಲ್ಲೇ ಒಂದು ಉದಾಹರಣೆ ಇದೆ. 2008ಕ್ಕೂ ಮುಂಚೆ ಇಲ್ಲಿ ಎಲ್‌ಎಲ್‌ಬಿ ಮುಗಿಸಿದವನು ಹೈಕೋರ್ಟ್ ವಕೀಲಿಕೆ ಮಾಡಬೇಕೆಂದರೆ ಬೆಂಗಳೂರಿಗೇ ಹೋಗಬೇಕಿತ್ತು. ಜೂನಿಯರ್ ವಕೀಲರಿಗೆ ಮೊದಲ ವರ್ಷಗಳಲ್ಲಿ ಕೈಗೆ ಬರುವುದು ಬಸ್ ಚಾರ್ಜಿನಷ್ಟು. ಅಷ್ಟರಲ್ಲಿ ಬೆಂಗಳೂರಿನಲ್ಲಿ ಬದುಕಲು ಸಾಧ್ಯವಿದ್ದದ್ದು ಮನೆಯಿಂದ ದುಡ್ಡು ಬರುವವರಿಗೆ ಮಾತ್ರ. 2008ರಲ್ಲಿ ಇಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಪೀಠ ಆಯಿತು. ಈಗ ಚಿತ್ತಾಪುರದ ರೈತನ ಮಗಳು ದಿನಾ ಮನೆಯಿಂದಲೇ ಓಡಾಡಿಕೊಂಡು ಹೈಕೋರ್ಟಿನಲ್ಲಿ ಜೂನಿಯರ್ ಆಗಿ ಕಲಿಯಬಹುದು. ಡಿಗ್ರಿ ಅದೇ, ಕಾನೂನು ಅದೇ. ಪೀಠದ ಜೊತೆಗೆ ಟೈಪಿಸ್ಟು, ಸ್ಟ್ಯಾಂಪ್ ವೆಂಡರು, ಝೆರಾಕ್ಸ್ ಅಂಗಡಿ, ಸೀನಿಯರ್ ವಕೀಲರ ಆಫೀಸು ಎಲ್ಲವೂ ಬಂದವು. ಒಬ್ಬ ಸೀನಿಯರ್ ಹತ್ತಿರ ಆಗಿಬರದಿದ್ದರೆ ಇನ್ನೊಬ್ಬರ ಹತ್ತಿರ ಹೋಗಬಹುದು. ಸಿಮೆಂಟ್ ಲ್ಯಾಬಿನ ಹುಡುಗಿಗೆ ಇಲ್ಲದಿದ್ದದ್ದು ಇದೇ.

ವರ್ಕ್ ಫ್ರಮ್ ಹೋಮ್ ಬಂದ ಮೇಲೆ ಊರು ಲೆಕ್ಕಕ್ಕೇ ಇಲ್ಲ ಅನ್ನುವವರಿದ್ದಾರೆ. ಹತ್ತು ವರ್ಷ ಅನುಭವ ಇರುವವರಿಗೆ ಅದು ಸ್ವಲ್ಪ ನಿಜ. ಹೊಸಬ ಕೆಲಸ ಕಲಿಯುವುದು ಪಕ್ಕದ ಕುರ್ಚಿಯವರನ್ನು ನೋಡಿ, ಅವರನ್ನು ಪೀಡಿಸಿ. ಕರೆಂಟು ಹೋದರೆ ಮೊಬೈಲ್ ನೆಟ್ಟೂ ಹೋಗುವ ಊರಿನಲ್ಲಿ ಒಬ್ಬನೇ ಕೂತು ಅದು ಆಗುವುದಿಲ್ಲ.

ಹುಡುಗಿಯರ ನಕಾಶೆ ಬೇರೆ

ಇಲ್ಲಿಯವರೆಗೆ ಹೇಳಿದ ದೂರಗಳೆಲ್ಲ ಹುಡುಗರ ಲೆಕ್ಕ. ಒಂದೇ ಮನೆಯ ಅಣ್ಣನಿಗೆ 700 ಕಿ.ಮೀ. ಆದರೆ ತಂಗಿಗೆ ಅದು "ಸಂಜೆ ಏಳರೊಳಗೆ ವಾಪಸ್ ಬರುವಷ್ಟು". ಅಣ್ಣನ ರೂಮು ಅವಳಿಗೆ ಇಲ್ಲ. ಅವಳಿಗೆ ಬೇಕಾದದ್ದು ಅಪ್ಪ ಒಪ್ಪುವ ಹಾಸ್ಟೆಲ್ಲು, ಅಥವಾ ಆ ಊರಿನಲ್ಲಿ ಒಬ್ಬ ಕಾಕಾನೋ, ದೊಡ್ಡಮ್ಮನೋ. ಹಾಗಾಗಿ ಕಲಬುರಗಿಯಂಥ ಜಿಲ್ಲಾ ಕೇಂದ್ರದಲ್ಲಿ ಎಷ್ಟು ಕೆಲಸ ಇದೆ ಅನ್ನುವುದು ಹುಡುಗರಿಗಿಂತ ಹುಡುಗಿಯರ ಭವಿಷ್ಯವನ್ನು ಹೆಚ್ಚು ನಿರ್ಧರಿಸುತ್ತದೆ. ಇದನ್ನು ಯಾವ ಉದ್ಯಮ ಸಮಾವೇಶದಲ್ಲೂ ಹೇಳಿದ್ದು ನಾನು ಕೇಳಿಲ್ಲ.

2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಈ ನಕಾಶೆಯನ್ನು ಸ್ವಲ್ಪ ಹಿಗ್ಗಿಸಿದೆ. ರಾಜ್ಯದ ಒಳಗೆ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ತಿಂಗಳಿಗೆ 9 ಸಾವಿರದ ಬಟ್ಟೆ ಅಂಗಡಿ ಕೆಲಸಕ್ಕೆ ಆಳಂದದಿಂದ ಕಲಬುರಗಿಗೆ ದಿನಾ ಬರುವುದು ಮೊದಲು ಲೆಕ್ಕಕ್ಕೆ ಕೂಡುತ್ತಿರಲಿಲ್ಲ. ಈಗ ಕೂಡುತ್ತದೆ. ಆದರೆ ಟಿಕೆಟ್ ಉಚಿತ ಆದ ಮೇಲೆ ಉಳಿಯುವ ಪ್ರಶ್ನೆ ಒಂದಿದೆ: ಕೊನೇ ಬಸ್ಸು ಎಷ್ಟು ಗಂಟೆಗೆ? ಅಂಗಡಿ ಒಂಬತ್ತಕ್ಕೆ ಮುಚ್ಚಿ, ಹಳ್ಳಿಯ ಕೊನೇ ಬಸ್ಸು ಎಂಟಕ್ಕೇ ಹೊರಟರೆ ಅವಳಿಗೆ ಆ ಕೆಲಸ ಇಲ್ಲ.

ಈಗ ಕೊನೆಯ ವರ್ಷದಲ್ಲಿ ಓದುತ್ತಿರುವವರಿಗೆ ಎರಡು-ಮೂರು ಮಾತು. 371ಜೆ ಪ್ರಮಾಣಪತ್ರವನ್ನು ನೋಟಿಫಿಕೇಷನ್ ಬಂದ ಮೇಲೆ ಓಡಾಡಿ ಮಾಡಿಸಬೇಡಿ. ಆ ಹೊತ್ತಿಗೆ ಎಸಿ ಆಫೀಸಿನ ಮುಂದೆ ಜಾತ್ರೆ ಇರುತ್ತದೆ. ನಿಮ್ಮ ಕಾಲೇಜಿನಿಂದ ಎರಡು-ಮೂರು ವರ್ಷದ ಹಿಂದೆ ಹೋದವರು ಎಲ್ಲಿದ್ದಾರೆ ಅಂತ ಒಂದು ಪಟ್ಟಿ ಮಾಡಿ, ಫೋನ್ ಹಚ್ಚಿ ಕೇಳಿ. ಕೆಲಸ ಕೊಡಿಸಿ ಅನ್ನಬೇಡಿ, ದಿನಾ ಏನು ಕೆಲಸ ಮಾಡುತ್ತೀರಿ ಅಂತ ಕೇಳಿ. ಐಟಿಐ, ಡಿಪ್ಲೊಮಾದವರಾದರೆ ಅಪ್ರೆಂಟಿಸ್ ಜಾಗಗಳನ್ನು ಬಿಡಬೇಡಿ. 1961ರ ಅಪ್ರೆಂಟಿಸ್ ಕಾಯ್ದೆಯ ಈಗಿನ ನಿಯಮದಂತೆ 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಸ್ಟೈಪೆಂಡ್ ಕಡಿಮೆ ಅಂತ ಮೂಗು ಮುರಿಯುವವರು ಜಾಸ್ತಿ. ಆದರೆ ಹೊರಗಿನ ಕಂಪನಿಗೆ ನಿಮ್ಮ ಕಾಲೇಜಿನ ಹೆಸರು ಗೊತ್ತಿಲ್ಲದಿದ್ದಾಗ, ನೀವು ಕೆಲಸ ಮಾಡಿದ ಕಾರ್ಖಾನೆಯ ಹೆಸರು ಗೊತ್ತಿರುತ್ತದೆ.

ಇನ್ನು ಕಲಬುರಗಿಗೆ 2023ರಲ್ಲಿ ಘೋಷಣೆಯಾದ ಪಿಎಂ ಮಿತ್ರ ಜವಳಿ ಪಾರ್ಕ್. ಎಷ್ಟು ಸಾವಿರ ಕೆಲಸ ಅನ್ನುವ ಮಾತು ಭಾಷಣಗಳಲ್ಲಿ ಬರುತ್ತಲೇ ಇರುತ್ತದೆ. ನಾನಾದರೆ ಬೇರೆ ಮೂರು ವಿಷಯ ನೋಡುತ್ತೇನೆ. ಹೊಲಿಗೆ ಯಂತ್ರದ ಮುಂದೆ ಕೂತವಳು ನಾಲ್ಕು ವರ್ಷದಲ್ಲಿ ಸೂಪರ್‌ವೈಸರ್ ಆಗುವ ದಾರಿ ಇದೆಯಾ, ಅಥವಾ ಆ ಕುರ್ಚಿಗಳಿಗೆಲ್ಲ ಹೊರಗಿನಿಂದ ಜನ ಬರುತ್ತಾರಾ? ಒಂದೇ ದೊಡ್ಡ ಘಟಕ ಬರುತ್ತದಾ, ಅಥವಾ ಅವಳನ್ನು ಎರಡು ಸಾವಿರ ಜಾಸ್ತಿ ಕೊಟ್ಟು ಕರೆಯುವ ಇನ್ನೊಂದು ಗೇಟು ಪಕ್ಕದಲ್ಲಿ ಇರುತ್ತದಾ? ಮತ್ತೆ, ಎರಡನೇ ಪಾಳಿ ಬಿಟ್ಟ ಮೇಲೆ ಜೇವರ್ಗಿ, ಅಫಜಲಪುರ ಕಡೆಗೆ ಬಸ್ಸು ಇರುತ್ತದಾ?